ಶ್ರೀಲಂಕಾಕ್ಕೆ ಹೊರಟ ಮುಸ್ಲಿಂ ಫ್ಯಾಮಿಲಿಗಳಿಗೆ: ನಮಾಜ್, ಹಲಾಲ್ ಊಟ, ರೂಟು, ಬಟ್ಟೆಬರೆ ಎಲ್ಲಾ ಸೇರಿಸಿ ಒಂದು ಸಮಗ್ರ ಗೈಡ್

ಬೆಂಗಳೂರಲ್ಲಿ ಫ್ಲೈಟ್ ಹತ್ತಿದ್ರೆ ಒಂದೂವರೆ ಗಂಟೆ ಆಸುಪಾಸಲ್ಲಿ ಕೊಲಂಬೊ ಇಳೀತೀರಿ, ಟೈಮ್ ಕೂಡ ನಮ್ದೇ ಟೈಮು, ವಾಚ್ ತಿರುಗಿಸೋ ಕೆಲ್ಸಾನೂ ಇಲ್ಲ. ಆದ್ರೂ ನಮ್ಮಲ್ಲಿ ಶ್ರೀಲಂಕಾ ಅಂದ ತಕ್ಷಣ ಬರೋ ಪ್ರಶ್ನೆ ಎರಡೇ, ಅಲ್ಲಿ ಬೌದ್ಧರೇ ಜಾಸ್ತಿ ಅಲ್ವಾ ಹಲಾಲ್ ಊಟ ಸಿಗತ್ತಾ, ನಮಾಜ್‌ಗೆ ಜಾಗ ಸಿಗತ್ತಾ. ಎರಡೂ ಸಿಗತ್ತೆ. ಅಲ್ಲಿ ನೂರಕ್ಕೆ ಸುಮಾರು ಹತ್ತು ಜನ ಮುಸ್ಲಿಮರು, ಅದೂ ನಿನ್ನೆ ಮೊನ್ನೆ ಬಂದವರಲ್ಲ, ಅರಬ್ ವ್ಯಾಪಾರಿಗಳ ಕಾಲದಿಂದ ನೆಲೆಸಿದವರು. ಆದ್ರೆ ಇವರು ದ್ವೀಪದ ತುಂಬಾ ಸಮನಾಗಿ ಹರಡ್ಕೊಂಡಿಲ್ಲ, ಕೆಲವು ಊರಲ್ಲಿ ಹೆಜ್ಜೆಗೊಂದು ಮಸೀದಿ, ಕೆಲವು ಟೂರಿಸ್ಟ್ ಜಾಗದಲ್ಲಿ ಹುಡುಕಿದ್ರೂ ಸಿಗಲ್ಲ. ಅದಕ್ಕೇ ನಾನು ಎಲ್ಲರಿಗೂ ಹೇಳೋದು ಒಂದೇ ಮಾತು, ಮೊದ್ಲು ಮ್ಯಾಪಲ್ಲಿ ಮಸೀದಿ ನೋಡಿ, ಆಮೇಲೆ ಹೋಟೆಲ್ ಬುಕ್ ಮಾಡಿ. ಮಸೀದಿ ಇರೋ ಬೀದೀಲಿ ಮುಸ್ಲಿಂ ಹೋಟೆಲ್ ಹೆಚ್ಚುಕಮ್ಮಿ ಇದ್ದೇ ಇರತ್ತೆ, ಹಾಗಾಗಿ ಇದೊಂದು ಮಾಡಿದ್ರೆ ಊಟದ ಚಿಂತೆನೂ ಮುಗೀತು.

ಸ್ಟೆಪ್ 1: ಯಾವ ತಿಂಗಳು ಹೋಗೋದು

ಶ್ರೀಲಂಕಾದಲ್ಲಿ ಮಳೆ ಎರಡು ಕಡೆಯಿಂದ ಬರತ್ತೆ. ಮೇ ಇಂದ ಸೆಪ್ಟೆಂಬರ್ ತನಕ ಗಾಲೆ, ಬೆರುವಲ, ಕೊಲಂಬೊ ಇರೋ ಪಶ್ಚಿಮ ಮತ್ತು ದಕ್ಷಿಣ ಕರಾವಳಿಗೆ ಮಳೆ, ಸಮುದ್ರ ಜೋರು. ಆ ಟೈಮಲ್ಲಿ ಪೂರ್ವದ ಟ್ರಿಂಕೋಮಲಿ, ಪಾಸಿಕುಡಾ, ಅರುಗಂ ಬೇ ಒಣಗಿರತ್ತೆ. ಡಿಸೆಂಬರಿಂದ ಮಾರ್ಚ್ ಉಲ್ಟಾ, ಪಶ್ಚಿಮ ದಕ್ಷಿಣ ಚೆನ್ನಾಗಿರತ್ತೆ. ಮಕ್ಕಳ ಬೇಸಿಗೆ ರಜೆಗೆ ಏಪ್ರಿಲ್ ಮೇನಲ್ಲಿ ಹೋಗೋರು ಪೂರ್ವದ ಕಡೆ ಯೋಚ್ನೆ ಮಾಡಿ, ಆ ಕಡೆ ಮುಸ್ಲಿಂ ಊರುಗಳೂ ಜಾಸ್ತಿ, ನಮ್ಮಂಥವರಿಗೆ ಅದೇ ಸಲೀಸು.

ಇನ್ನೊಂದು ನೋಡ್ಕೋಬೇಕಾಗಿದ್ದು ಪೋಯಾ. ಪ್ರತಿ ಹುಣ್ಣಿಮೆ ಅಲ್ಲಿ ಸರ್ಕಾರಿ ರಜೆ, ಅವತ್ತು ಮದ್ಯದಂಗಡಿ, ಮಾಂಸದಂಗಡಿ ಬಂದ್, ಬೌದ್ಧ ಕ್ಷೇತ್ರಗಳಲ್ಲಿ ಜನಸಾಗರ. ನಮಗೇನೂ ತೊಂದ್ರೆ ಇಲ್ಲ, ಮುಸ್ಲಿಂ ಹೋಟೆಲ್ ಎಷ್ಟೋ ತೆರೆದಿರತ್ತೆ, ಆದ್ರೆ ಸ್ವಂತ ಅಡುಗೆ ಮಾಡ್ಕೊಳ್ಳೋ ಅಪಾರ್ಟ್‌ಮೆಂಟ್ ತಗೊಂಡಿದ್ರೆ ಹಿಂದಿನ ದಿನವೇ ಚಿಕನ್ ಮಟನ್ ತಂದಿಟ್ಕೊಳ್ಳಿ. ಜುಲೈ ಆಗಸ್ಟಲ್ಲಿ ಕ್ಯಾಂಡಿಯ ಎಸಲ ಪೆರಹೆರ ಮೆರವಣಿಗೆ ನಡೆಯೋ ದಿನಗಳಲ್ಲಿ ಆ ಊರಲ್ಲಿ ರೂಮೇ ಸಿಗಲ್ಲ, ಸಿಕ್ರೂ ರೇಟ್ ಕೇಳೋ ಹಾಗಿಲ್ಲ.

ಸ್ಟೆಪ್ 2: ವೀಸಾ, ದುಡ್ಡು, ಸಿಮ್

ವೀಸಾಗೆ ಇ.ಟಿ.ಎ ಅಂತ ಆನ್‌ಲೈನ್ ಪರ್ಮಿಷನ್ ಇದೆ, ಅದನ್ನ ಇಲ್ಲಿಂದಲೇ ಮಾಡ್ಕೊಂಡು ಹೊರಡಿ. ಫೀಸು ಆಗಾಗ ಬದಲಾಗಿದೆ, ಕೆಲವು ಅವಧಿಗೆ ಇಂಡಿಯನ್ನರಿಗೆ ಫ್ರೀನೂ ಮಾಡಿದ್ರು, ಆದ್ದರಿಂದ ಟಿಕೆಟ್ ಮಾಡೋ ವಾರ ಸರ್ಕಾರಿ ಸೈಟ್ ತೆರೆದು ನೋಡಿ. ಗೂಗಲ್ ಮಾಡಿದ್ರೆ ಸರ್ಕಾರಿ ಸೈಟಿನ ಥರಾನೇ ಕಾಣೋ ಏಜೆಂಟ್ ಸೈಟುಗಳು ಮೇಲೆ ಬರ್ತವೆ, ಡಬಲ್ ದುಡ್ಡು ತಗೋತಾರೆ. ವಿಳಾಸದ ಕೊನೇಲಿ ಗವ್ ಡಾಟ್ ಎಲ್‌ಕೆ ಇದ್ರೆ ಮಾತ್ರ ಕಾರ್ಡ್ ನಂಬರ್ ಹಾಕಿ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ವ್ಯಾಲಿಡಿಟಿ ಇರ್ಲಿ. ಜಮಾಅತಿನ ಕೆಲಸಕ್ಕೆ, ದಾವತ್‌ಗೆ ಅಂದ್ರೆ ಧರ್ಮಪ್ರಚಾರಕ್ಕೆ ಅಂತ ಹೋಗೋರು ಟೂರಿಸ್ಟ್ ವೀಸಾ ಮೇಲೆ ಹೋಗ್ಲೇಬೇಡಿ, ಅದಕ್ಕೆ ಬೇರೆ ವೀಸಾ ತಗೊಳ್ಳಿ, ಇದರಲ್ಲಿ ಅವರು ಸ್ಟ್ರಿಕ್ಟು.

ಫ್ಲೈಟ್ ಬುಕ್ ಮಾಡುವಾಗ್ಲೇ ಮುಸ್ಲಿಂ ಮೀಲ್ ಹಾಕಿಸಿ, ಏರ್‌ಲೈನ್ ಭಾಷೇಲಿ ಅದರ ಕೋಡ್ ಎಂ.ಓ.ಎಂ.ಎಲ್. ಹೊರಡೋ ಹೊತ್ತಲ್ಲಿ ಕೇಳಿದ್ರೆ ಆಗಲ್ಲ, ಕಡೇಪಕ್ಷ 24 ಗಂಟೆ ಮುಂಚೆ ಹೇಳಿರ್ಬೇಕು. ತಮಿಳುನಾಡಿನ ನಾಗಪಟ್ಟಿಣದಿಂದ ಜಾಫ್ನಾ ಹತ್ರದ ಕಾಂಕೇಸನ್‌ತುರೈಗೆ 2023ರ ಅಕ್ಟೋಬರಲ್ಲಿ ಹಡಗು ಶುರುವಾಯ್ತು, ಆದ್ರೆ ಹವಾಮಾನ ನೋಡ್ಕೊಂಡು ಮಧ್ಯೆ ಮಧ್ಯೆ ನಿಲ್ತದೆ, ಚಿಕ್ಕ ಮಕ್ಕಳಿದ್ರೆ ಫ್ಲೈಟೇ ವಾಸಿ.

ನಮ್ಮ ಒಂದು ರೂಪಾಯಿಗೆ ಅವರ ಮೂರು ರೂಪಾಯಿಗಿಂತ ಜಾಸ್ತಿ ಬರತ್ತೆ, ಹಾಗಾಗಿ ಬಿಲ್ ನೋಡಿ ಗಾಬರಿ ಬೀಳ್ಬೇಡಿ. 2024ರ ಫೆಬ್ರವರಿಯಿಂದ ಅಲ್ಲಿ ನಮ್ಮ ಯುಪಿಐ ನಡೆಯತ್ತೆ, ಆದ್ರೆ ಎಲ್ಲಾ ಅಂಗಡೀಲಿ ಅಲ್ಲ, ಸ್ವಲ್ಪ ಡಾಲರ್ ಕೈಲಿರ್ಲಿ. ಸಿಮ್ಮು ಏರ್‌ಪೋರ್ಟಲ್ಲೇ ತಗೊಳ್ಳಿ, ಡಯಲಾಗ್ ಅಥವಾ ಮೊಬಿಟೆಲ್. ಆಟೋಗೆ ಪಿಕ್‌ಮಿ ಆಪ್ ಹಾಕ್ಕೊಳ್ಳಿ, ಚೌಕಾಸಿ ಜಗಳ ಇರಲ್ಲ. ಪಾಸ್‌ಪೋರ್ಟ್ ಯಾವಾಗ್ಲೂ ಜೊತೇಲಿ ಇಟ್ಕೊಳ್ಳಿ, ಯಾಕಂದ್ರೆ ಸಿಗಿರಿಯಾ ಬಂಡೆಕೋಟೆಯಂಥ ಜಾಗದಲ್ಲಿ ಸಾರ್ಕ್ ದೇಶದವರಿಗೆ, ಅಂದ್ರೆ ನಮಗೂ, ಟಿಕೆಟ್ ರೇಟು ಕಮ್ಮಿ, ಫಾರಿನರ್ ಕೌಂಟರಲ್ಲಿ ಸುಮ್ನೆ ನಿಂತ್ರೆ ಪೂರ್ತಿ ಕಿತ್ಕೋತಾರೆ, ಐದು ಜನದ ಫ್ಯಾಮಿಲಿಗೆ ಅದೇ ದೊಡ್ಡ ಉಳಿತಾಯ.

ಸ್ಟೆಪ್ 3: ಮಸೀದಿ ನೋಡ್ಕೊಂಡು ರೂಟ್ ಹಾಕೋದು

ಕೊಲಂಬೊದಲ್ಲಿ ಚಿಂತೆನೇ ಇಲ್ಲ. ಪೆಟ್ಟಾ ಅನ್ನೋದು ನಮ್ಮ ಚಿಕ್ಕಪೇಟೆ ಥರದ ಮಾರ್ಕೆಟ್ಟು, ಅದರ ಸೆಕೆಂಡ್ ಕ್ರಾಸ್ ಸ್ಟ್ರೀಟಲ್ಲಿ ಜಾಮಿ ಉಲ್ ಅಲ್ಫಾರ್ ಮಸೀದಿ ಇದೆ, ಕೆಂಪು ಬಿಳಿ ಪಟ್ಟೆ ಪಟ್ಟೆ, ಮೇಲೆ ದಾಳಿಂಬೆ ಆಕಾರದ ಗುಮ್ಮಟಗಳು, 1909ರಲ್ಲಿ ಮುಗಿದ ಕಟ್ಟಡ. ಟೂರಿಸ್ಟ್ ಎಲ್ಲಾ ಬೀದೀಲಿ ನಿಂತು ಫೋಟೋ ಹೊಡ್ಕೊಂಡು ಹೋಗ್ತಾರೆ, ನೀವು ಒಳಗೆ ಹೋಗಿ ಎರಡು ರಕಾಅತ್ ಮಾಡಿ ಬನ್ನಿ. ನ್ಯೂ ಮೂರ್ ಸ್ಟ್ರೀಟಲ್ಲಿ ಗ್ರ್ಯಾಂಡ್ ಮಾಸ್ಕ್, ಟೌನ್ ಹಾಲ್ ಹತ್ರ ದೇವಟಗಹ ಮಸೀದಿ, ಗಾಲೆ ರೋಡ್ ಕಡೆ ಕೊಳ್ಳುಪಿಟಿಯ ಜುಮ್ಮಾ ಮಸೀದಿ. ಉಳ್ಕೊಳ್ಳೋಕೆ ಕೊಳ್ಳುಪಿಟಿಯ, ಬಂಬಲಪಿಟಿಯ ಕಡೆ ನೋಡಿ, ಸಮುದ್ರಾನೂ ಹತ್ರ, ಹಲಾಲ್ ಊಟಾನೂ ಹತ್ರ.

ಕೊಲಂಬೊದಿಂದ ದಕ್ಷಿಣಕ್ಕೆ ಹೋಗುವಾಗ ಎಲ್ಲರೂ ಎಕ್ಸ್‌ಪ್ರೆಸ್‌ವೇ ಹಿಡಿದು ಸೀದಾ ಗಾಲೆಗೆ ಓಡ್ತಾರೆ, ನನ್ನ ಪ್ರಕಾರ ಹೋಗುವಾಗಾದ್ರೂ ಹಳೇ ಕಡಲ ರೋಡಲ್ಲಿ ಹೋಗಿ ಬೆರುವಲದಲ್ಲಿ ಇಳೀರಿ. ದ್ವೀಪದಲ್ಲಿ ಮುಸ್ಲಿಮರು ಮೊದಲು ನೆಲೆಸಿದ ಊರುಗಳಲ್ಲಿ ಇದೂ ಒಂದು ಅಂತಾರೆ. ಸಮುದ್ರಕ್ಕೆ ಚಾಚಿದ ಗುಡ್ಡದ ಮೇಲೆ ಬೆಳ್ಳಗೆ ಕೆಚ್ಚಿಮಲೈ ಮಸೀದಿ, ಕೆಳಗೆ ಮೀನುಗಾರರ ದೋಣಿಗಳು. ಝುಹರ್‌ಗೆ ಸರಿಯಾಗಿ ಅಲ್ಲಿ ತಲುಪೋ ಹಾಗೆ ಹೊರಡಿ. ಗಾಲೆ ಕೋಟೆ ಒಳಗೆ ಲೈಟ್‌ಹೌಸ್ ಎದುರಿಗೇ ಮೀರಾನ್ ಜುಮ್ಮಾ ಮಸೀದಿ, ಬಿಳಿ ಗೋಪುರ ನೋಡಿದ್ರೆ ಚರ್ಚ್ ಅನ್ಕೊಂಡು ಮುಂದೆ ಹೋಗ್ಬಿಡ್ತೀರಿ, ಅದು 1904ರ ಕಟ್ಟಡ, ಆ ಕೋಟೆಯ ಮುಸ್ಲಿಂ ಮನೆತನದವರು ಇವತ್ತಿಗೂ ಅಲ್ಲೇ ಸುತ್ತ ಇದ್ದಾರೆ.

ಕ್ಯಾಂಡೀಲಿ ಮೀರಾ ಮಕಾಂ ಮಸೀದಿ ಇದೆ, ಊರಾಚೆ ಅಕುರಣ ಅಂತ ಪೂರ್ತಿ ಮುಸ್ಲಿಂ ಪೇಟೆನೇ ಇದೆ. ಕ್ಯಾಂಡಿಯಿಂದ ದಂಬುಲ್ಲಾ ಸಿಗಿರಿಯಾ ಕಡೆ ಹೋಗೋರು ಅಕುರಣದಲ್ಲಿ ಊಟ ಮುಗಿಸಿ ಮುಂದೆ ಹೋಗಿ, ಸಿಗಿರಿಯಾ ಸುತ್ತ ಹಲಾಲ್ ಕಮ್ಮಿ. ನುವಾರಾ ಎಲಿಯಾದಲ್ಲಿ ಟೌನಲ್ಲೇ ಮಸೀದಿ ಸಿಗತ್ತೆ. ಎಲ್ಲಾ ಅನ್ನೋ ಊರಿದ್ಯಲ್ಲ, ಇನ್‌ಸ್ಟಾಗ್ರಾಂ ರೀಲ್‌ಗಳಲ್ಲಿ ಬರೋ ನೈನ್ ಆರ್ಚ್ ಬ್ರಿಡ್ಜ್ ಊರು, ಅಲ್ಲಿ ಕೆಫೆಗಳೇ ಜಾಸ್ತಿ, ಹಾಗಾಗಿ ಪಕ್ಕದ ಬಂಡಾರವೇಲಾದಲ್ಲಿ ರೂಮ್ ಮಾಡಿ. ಅಲ್ಲಿ ಜುಮ್ಮಾ ಮಸೀದಿ ಇದೆ, ಎಲ್ಲಾಗೆ ಟ್ರೈನಲ್ಲಿ ಸ್ವಲ್ಪವೇ ದೂರ.

ಪೂರ್ವದ ಕಡೆ ಹೋದ್ರೆ ಬಟ್ಟಿಕಲೋವಾ ಪಕ್ಕದ ಕಾತ್ತಾನ್‌ಕುಡಿ ಬಿಡ್ಬೇಡಿ. ರೋಡ್ ಮಧ್ಯೆ ಖರ್ಜೂರದ ಮರಗಳ ಸಾಲು, ಎಲ್ಲಿ ತಿರುಗಿದ್ರೂ ಮಸೀದಿ, ಹಲಾಲ್ ಅಂತ ಕೇಳೋ ಅವಶ್ಯಕತೆನೇ ಇಲ್ಲ. ಆದ್ರೆ ಈ ಊರು ದೊಡ್ಡ ನೋವು ಕಂಡಿದೆ. 1990ರ ಆಗಸ್ಟ್ 3ರ ರಾತ್ರಿ ಇಶಾ ನಮಾಜಿನ ಹೊತ್ತಲ್ಲಿ ಎಲ್‌ಟಿಟಿಇ ಬಂದೂಕುಧಾರಿಗಳು ಎರಡು ಮಸೀದಿಗೆ ನುಗ್ಗಿ ನೂರಕ್ಕೂ ಹೆಚ್ಚು ಜನರನ್ನ ಕೊಂದ್ರು, ಮಕ್ಕಳೂ ಇದ್ರು ಅದರಲ್ಲಿ. ಮೀರಾ ಜುಮ್ಮಾ ಮಸೀದಿ ಗೋಡೇಲಿ ಗುಂಡಿನ ತೂತುಗಳನ್ನ ಮುಚ್ಚದೆ ಹಾಗೇ ಉಳಿಸ್ಕೊಂಡಿದ್ದಾರೆ. ಅಲ್ಲಿ ಹೋದ್ರೆ ಸೆಲ್ಫಿ ಬೇಡ, ದುವಾ ಮಾಡಿ ಬನ್ನಿ, ದಯವಿಟ್ಟು. ಅಲ್ಲಿಂದ ಪಾಸಿಕುಡಾ ಬೀಚು ಒಂದು ಗಂಟೆ ಚಿಲ್ಲರೆ, ನೀರು ತುಂಬಾ ದೂರದ ತನಕ ಸೊಂಟದ ಮಟ್ಟಾನೇ ಇರತ್ತೆ, ಮಕ್ಕಳಿಗೆ ಅದಕ್ಕಿಂತ ಒಳ್ಳೆ ಬೀಚ್ ಆ ದ್ವೀಪದಲ್ಲಿ ನಂಗೆ ಗೊತ್ತಿಲ್ಲ.

ಸ್ಟೆಪ್ 4: ನಮಾಜ್

ಭೂಮಧ್ಯರೇಖೆಗೆ ಹತ್ರ ಇರೋದ್ರಿಂದ ವರ್ಷಪೂರ್ತಿ ಟೈಮಲ್ಲಿ ದೊಡ್ಡ ವ್ಯತ್ಯಾಸ ಆಗಲ್ಲ. ಕೊಲಂಬೊದಲ್ಲಿ ಸುಬಹಿ 4.30ರಿಂದ 5.15ರ ನಡುವೆ, ಝುಹರ್ ಹನ್ನೆರಡರ ಆಚೀಚೆ, ಮಗ್ರಿಬ್ 5.50ರಿಂದ 6.35ರ ಒಳಗೆ. ಬೆಳಗ್ಗೆ ಟೂರು ಶುರು ಮಾಡಿ ಝುಹರ್‌ಗೆ ಒಂದು ಊರು, ಮಗ್ರಿಬ್‌ಗೆ ಇನ್ನೊಂದು ಊರು ಅಂತ ಪ್ಲಾನ್ ಹಾಕೋದು ಇದರಿಂದ ತುಂಬಾ ಸುಲಭ.

ಅಸರ್ ವಿಷಯ ಮಾತ್ರ ಗಮನಿಸಿ. ಅಲ್ಲಿನ ಮುಸ್ಲಿಮರು ಬಹುತೇಕ ಎಲ್ಲಾ ಶಾಫಿ ಪದ್ಧತಿಯವರು. ನಮ್ಮ ಮಂಗಳೂರಿನ ಬ್ಯಾರಿಗಳು, ಭಟ್ಕಳದ ನವಾಯತರು ಕೂಡ ಶಾಫಿ, ಅವರಿಗೆ ಏನೂ ಹೊಸದಲ್ಲ, ಮನೇಲಿ ಇದ್ದ ಹಾಗೇ. ಬೆಂಗಳೂರು, ಮೈಸೂರು, ಕಲಬುರಗಿ ಕಡೆಯ ಹನಫಿ ಜನಕ್ಕೆ ಅಸರ್ ಜಮಾಅತ್ ಬೇಗ ಅನ್ಸತ್ತೆ, ಮೂರರಿಂದ ಮೂರೂಮುಕ್ಕಾಲರ ಒಳಗೇ ಟೈಮ್ ಆಗ್ಬಿಡತ್ತೆ. ನಿಮ್ಮ ಹನಫಿ ಟೈಮಿಗೆ ಅಂತ ನಾಲ್ಕೂವರೆಗೆ ಹೋದ್ರೆ ಜಮಾಅತ್ ಯಾವಾಗ್ಲೋ ಮುಗಿದಿರತ್ತೆ. ಸುಬಹಿಯ ಎರಡನೇ ರಕಾಅತಲ್ಲಿ ಇಮಾಮ್ ಕೈಯೆತ್ತಿ ಕುನೂತ್ ಓದ್ತಾರೆ, ಹನಫಿಗಳು ಗಾಬರಿಯಾಗಿ ಸಜ್ದಾಗೆ ಹೋಗ್ಬೇಡಿ, ಸುಮ್ನೆ ನಿಂತಿರಿ. ಮೊಬೈಲ್ ಆಪಲ್ಲಿ ಹನಫಿ ಶಾಫಿ ಅಂತ ಸೆಟ್ಟಿಂಗ್ ಇರತ್ತೆ ನೋಡ್ಕೊಳ್ಳಿ.

ಕಿಬ್ಲಾಗೆ ಆಪ್ ಇದ್ದೇ ಇದೆ, ಆದ್ರೆ ಗುಡ್ಡದ ಕಡೆ ನೆಟ್‌ವರ್ಕ್ ಕೈಕೊಟ್ರೆ ಇಷ್ಟು ನೆನಪಿರ್ಲಿ, ಪಡುವಣಕ್ಕೆ ಮುಖ ಮಾಡಿ ಬಲಕ್ಕೆ ಅಂದ್ರೆ ಉತ್ತರದ ಕಡೆ ಸುಮಾರು 25 ಡಿಗ್ರಿ ತಿರುಗಿ. ಬೆಂಗಳೂರಲ್ಲಿ ತಿರುಗೋದಕ್ಕಿಂತ ಸ್ವಲ್ಪ ಜಾಸ್ತಿ.

ಹೆಣ್ಮಕ್ಕಳ ವಿಷಯ. ಎಲ್ಲಾ ಮಸೀದೀಲೂ ಹೆಂಗಸರಿಗೆ ಜಾಗ ಇರಲ್ಲ, ನಮ್ಮಲ್ಲಿ ಇದ್ದ ಹಾಗೇ. ಆದ್ರೆ ಬಾಗಿಲಲ್ಲಿ ಇರೋ ಮೋದಿನಾರ್ ಅಂದ್ರೆ ಅಜಾನ್ ಕೊಡೋರ ಹತ್ರ ಸಲಾಂ ಹೇಳಿ, ಪ್ರಯಾಣದವರು, ಮನೆಯವರು ಜೊತೇಲಿದ್ದಾರೆ ಅಂತ ಕೇಳಿ ನೋಡಿ, ಪಕ್ಕದ ಮದ್ರಸಾ ರೂಮೋ ಹತ್ರದ ಯಾರದ್ದೋ ಮನೆನೋ ತೋರಿಸ್ತಾರೆ, ಆ ಜನ ಇಂಥದ್ರಲ್ಲಿ ತುಂಬಾ ಒಳ್ಳೆಯವರು. ಭಾಷೆ ತಮಿಳು, ಅಲ್ಲಿನ ಮುಸ್ಲಿಮರ ಮನೆಮಾತೇ ತಮಿಳು, ಉರ್ದು ಬರಲ್ಲ, ಹಿಂದೀನೂ ಅಷ್ಟಕ್ಕಷ್ಟೇ. ಬೆಂಗಳೂರಿನವರ ಅರೆಬರೆ ತಮಿಳು ಅಲ್ಲಿ ದೊಡ್ಡ ಉಪಕಾರಕ್ಕೆ ಬರತ್ತೆ. ಜುಮ್ಮಾ ಬಯಾನ್ ಕೂಡ ಹೆಚ್ಚಾಗಿ ತಮಿಳಲ್ಲೇ. ಸಿಂಹಳ ಆಟೋದವರಿಗೆ ಮಸೀದಿ ಕೇಳೋದಾದ್ರೆ ಮುಸ್ಲಿಂ ಪಳ್ಳಿಯ ಅಂತ ಪೂರ್ತಿ ಹೇಳಿ, ಬರೀ ಪಳ್ಳಿಯ ಅಂದ್ರೆ ಚರ್ಚಿಗೂ ಕರ್ಕೊಂಡು ಹೋಗ್ಬಹುದು.

ಕ್ಯಾಂಡಿಯಿಂದ ಎಲ್ಲಾ ಅನ್ನೋ ಆ ಊರಿಗೆ ಹೋಗೋ ಟ್ರೈನ್ ಎಲ್ಲರ ಲಿಸ್ಟಲ್ಲೂ ಇರತ್ತೆ, ಸುಮಾರು ಏಳು ಗಂಟೆ ದಾರಿ, ಬೆಳಗ್ಗೆ ಹತ್ತಿದ್ರೆ ಝುಹರ್ ಟ್ರೈನಲ್ಲೇ ಬರತ್ತೆ. ಜನ ಜಂಗುಳಿ, ಬಾಗಿಲ ಹತ್ರ ಫೋಟೋದವರು, ಟಾಯ್ಲೆಟ್ ನೀರು ನಂಬೋ ಹಾಗಿಲ್ಲ. ಶಾಫಿಗಳು ಪ್ರಯಾಣದಲ್ಲಿ ಝುಹರ್ ಅಸರ್ ಜಮ್ ಅಂದ್ರೆ ಒಟ್ಟಿಗೆ ಸೇರಿಸಿ ಮಾಡ್ಬಹುದು, ಹನಫಿಗಳಿಗೆ ಕಸ್ರ್ ಅಂದ್ರೆ ಮೊಟಕು ಮಾಡೋದು ಇದೆ, ಜಮ್ ಇಲ್ಲ, ಹೊರಡೋ ಮುಂಚೆ ನಿಮ್ಮ ಉಸ್ತಾದ್ರನ್ನೋ ಇಮಾಮರನ್ನೋ ಕೇಳಿ ಪಕ್ಕಾ ಮಾಡ್ಕೊಳ್ಳಿ. ನನ್ನ ಸಲಹೆ ಏನಂದ್ರೆ ಒಂದೇ ದಿನ ಪೂರ್ತಿ ಹೋಗ್ಬೇಡಿ, ನಾನುಓಯಾ ಅನ್ನೋ ಹೆಸರಿನ ಸ್ಟೇಷನಲ್ಲಿ ಇಳಿದು ನುವಾರಾ ಎಲಿಯಾದಲ್ಲಿ ಒಂದು ರಾತ್ರಿ ಇದ್ದು, ಮಾರನೇ ದಿನ ಉಳಿದ ದಾರಿ ಹೋಗಿ. ನಮಾಜೂ ಆರಾಮ, ವಯಸ್ಸಾದವರಿಗೂ ಆರಾಮ. ಅಲ್ಲಿ 1,868 ಮೀಟರ್ ಎತ್ತರ, ಸುಬಹಿ ವುಝೂಗೆ ನೀರು ಮುಟ್ಟೋಕಾಗಲ್ಲ ಅಷ್ಟು ತಣ್ಣಗೆ, ಸ್ವೆಟರ್ ಬೇಕೇ ಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿದು ಈ ಲೈನ್ ನಿಲ್ಲೋದುಂಟು, ಟಿಕೆಟ್ ಮಾಡೋ ಮುಂಚೆ ಓಡ್ತಿದ್ಯಾ ಅಂತ ನೋಡಿ.

ಸಿಂಹರಾಜ ಕಾಡಿಗೆ ಹೋಗೋರಿಗೆ ಒಂದು ಮಾತು, ಅಲ್ಲಿ ಇಂಬಳ ಜಾಸ್ತಿ, ನಮ್ಮ ಆಗುಂಬೆ ಮಳೆಗಾಲದ ಹಾಗೆ. ಕಚ್ಚಿ ರಕ್ತ ಹರಿದ್ರೆ ಹನಫಿ ಪ್ರಕಾರ ವುಝೂ ಹೋಯ್ತು, ಶಾಫಿ ಪ್ರಕಾರ ಹೋಗಲ್ಲ, ಆದ್ರೆ ರಕ್ತ ತೊಳ್ಕೋಬೇಕು. ಇಂಬಳದ ಸಾಕ್ಸ್ ಗೇಟ್ ಹತ್ರ ಬಾಡಿಗೆಗೆ ಸಿಗತ್ತೆ, ನಮಾಜಿಗೆ ಬೇರೆ ಒಂದು ಜೊತೆ ಬಟ್ಟೆ ಬ್ಯಾಗಲ್ಲಿ ಇಟ್ಕೊಳ್ಳಿ.

ಸ್ಟೆಪ್ 5: ಊಟ

ಇದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ. ಪ್ಯಾಕೆಟ್ ಸಾಮಾನಿಗೆ ಅಲ್ಲಿ ಹಲಾಲ್ ಅಕ್ರೆಡಿಟೇಶನ್ ಕೌನ್ಸಿಲ್ ಅನ್ನೋ ಸಂಸ್ಥೆ ಸರ್ಟಿಫಿಕೇಟ್ ಕೊಡತ್ತೆ, ಮುಂಚೆ ಉಲಮಾಗಳ ಜಮಾಅತ್ ಆದ ಜಮಿಯ್ಯತುಲ್ ಉಲಮಾ ಕೊಡ್ತಿತ್ತು, 2013ರಲ್ಲಿ ಹಲಾಲ್ ಲೋಗೋ ವಿರುದ್ಧ ಗಲಾಟೆ ಆದ್ಮೇಲೆ ಈ ಕೆಲಸ ಬೇರೆಯಾಯ್ತು. ಬಿಸ್ಕೆಟ್, ಐಸ್‌ಕ್ರೀಮ್, ಫ್ರೋಜನ್ ಚಿಕನ್ ಮೇಲೆ ಆ ಲೋಗೋ ನೋಡ್ಕೊಳ್ಳಿ. ಕೀಲ್ಸ್, ಕಾರ್ಗಿಲ್ಸ್ ಫುಡ್ ಸಿಟಿ ಅನ್ನೋ ಸೂಪರ್ ಮಾರ್ಕೆಟ್ ಎಲ್ಲಾ ಕಡೆ ಇವೆ. ಸಾಸೇಜ್ ಥರದ್ದು ತಗೊಳ್ಳುವಾಗ ಹಂದಿದು ಪಕ್ಕದಲ್ಲೇ ಇರತ್ತೆ, ಲೇಬಲ್ ಓದದೆ ಬುಟ್ಟಿಗೆ ಹಾಕ್ಬೇಡಿ.

ಹೋಟೆಲ್‌ಗಳಲ್ಲಿ ಸರ್ಟಿಫಿಕೇಟ್ ಹುಡುಕ್ತಾ ಕೂತ್ರೆ ಹೊಟ್ಟೆ ತುಂಬಲ್ಲ. ಸಣ್ಣ ಮುಸ್ಲಿಂ ಹೋಟೆಲ್‌ಗಳಲ್ಲಿ ಎಷ್ಟೋ ಕಡೆ ಏನೂ ಲೋಗೋ ಇರಲ್ಲ, ಬೋರ್ಡಲ್ಲಿ ಹೆಸರು, ಒಳಗೆ ಕಾಬಾದ ಫೋಟೋ, ಕ್ಯಾಶ್ ಹತ್ರ ಟೋಪಿ ಹಾಕಿದ ಯಜಮಾನರು. ಮುಸ್ಲಿಂ ಕಡೈ ಎಲ್ಲಿದೆ ಅಂತ ಯಾವ ಆಟೋದವರನ್ನ ಕೇಳಿದ್ರೂ ತೋರಿಸ್ತಾರೆ, ಸಿಂಹಳೀಯರೂ ಬಿರಿಯಾನಿಗೆ ಅಲ್ಲಿಗೇ ಹೋಗೋದು. ಇಂಥ ಹೋಟೆಲ್ ಇಲ್ಲದ ಊರಲ್ಲಿ ಅನ್ನ, ಪರಿಪ್ಪು ಅಂದ್ರೆ ತೊವ್ವೆ, ಎಳೆ ಹಲಸಿನ ಪಲ್ಯ, ಮೋಜು ಅನ್ನೋ ಉಪ್ಪಿನಕಾಯಿ ಥರದ ಬದನೆಕಾಯಿ ಪದಾರ್ಥ, ಮೀನು ಸಾರು, ಇಷ್ಟು ತಗೊಂಡ್ರೆ ಧಾರಾಳ. ಅಡುಗೆ ತೆಂಗಿನೆಣ್ಣೇಲಿ, ಕರಾವಳಿಯವರ ನಾಲಿಗೆಗೆ ಇದು ಮನೆ ರುಚಿ.

ಕೊತ್ತು ರೊಟ್ಟಿ ತಿನ್ನದೆ ಬರ್ಬೇಡಿ. ಸಂಜೆ ಆಯ್ತಂದ್ರೆ ಬೀದಿ ತುಂಬಾ ಟಕಟಕ ಟಕಟಕ ಸದ್ದು, ಕಾದ ಕಬ್ಬಿಣದ ಹಂಚಿನ ಮೇಲೆ ಗೋಧಂಬ ರೊಟ್ಟಿ, ಈರುಳ್ಳಿ, ಕ್ಯಾರೆಟ್, ಮೊಟ್ಟೆ, ಚಿಕನ್ ಸಾರು ಸುರಿದು ಎರಡು ಕೈಲೂ ಚಪ್ಪಟೆ ತಗಡು ಹಿಡಿದು ಕೊಚ್ಚುತ್ತಾ ಹೋಗ್ತಾರೆ. ಆದ್ರೆ ಇಲ್ಲೇ ಹುಷಾರಾಗಿರ್ಬೇಕು, ಹಂಚು ಒಂದೇ. ಹಂದಿ ಮಾಂಸ ಮಾಡೋ ಅಂಗಡೀಲಿ ನೀವು ಎಗ್ ಕೊತ್ತು ಹೇಳಿದ್ರೂ ಅದೇ ಹಂಚು ಅದೇ ತಗಡು. ಹಾಗಾಗಿ ಕೊತ್ತು ಮುಸ್ಲಿಂ ಹೋಟೆಲಲ್ಲಿ ಮಾತ್ರ ತಿನ್ನಿ. ಸಿಂಹಳದಲ್ಲಿ ಊರು ಮಸ್ ಅಂದ್ರೆ ಹಂದಿ, ಹರಕ್ ಮಸ್ ಬೀಫ್, ಕುಕುಲ್ ಮಸ್ ಕೋಳಿ, ಎಳು ಮಸ್ ಆಡು, ಮಾಳು ಅಂದ್ರೆ ಮೀನು. ಊರು ಮಸ್ ಇದ್ಯಾ ಅಂತ ಮೊದ್ಲೇ ಕೇಳಿದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಟೀ ಅಂಗಡೀಲಿ ಕೂತ್ರೆ ನೀವು ಕೇಳದೇ ಒಂದು ತಟ್ಟೆ ತುಂಬಾ ರೋಲ್ಸ್, ಪ್ಯಾಟೀಸ್, ಕಟ್ಲೆಟ್ ತಂದಿಡ್ತಾರೆ, ಅದಕ್ಕೆ ಶಾರ್ಟ್ ಈಟ್ಸ್ ಅಂತಾರೆ, ತಿಂದಷ್ಟಕ್ಕೆ ಮಾತ್ರ ದುಡ್ಡು, ಉಳಿದಿದ್ದು ವಾಪಸ್ ಹೋಗತ್ತೆ. ಒಂದೇ ತಟ್ಟೇಲಿ ಮೀನಿಂದೂ ಮಾಂಸದ್ದೂ ಕಲೆತಿರತ್ತೆ, ನೋಡೋಕೆ ಎಲ್ಲಾ ಒಂದೇ ಥರ, ಮಕ್ಕಳು ಕೈ ಹಾಕೋ ಮುಂಚೆ ಯಾವುದು ಏನು ಅಂತ ಕೇಳಿ. ಬಾಳೆ ಎಲೇಲಿ ಸುತ್ತಿ ಬರೋ ಲಂಪ್ರೈಸ್ ಅನ್ನೋ ಅನ್ನ ಬರ್ಗರ್ ಅಂತ ಕರೆಯೋ ಡಚ್ ಮೂಲದ ಜನರ ಅಡುಗೆ, ಹಲವು ಮಾಂಸ ಸೇರಿಸಿ ಮಾಡೋ ಪದ್ಧತಿ, ಮುಸ್ಲಿಂ ಹೋಟೆಲದ್ದಾದ್ರೆ ಮಾತ್ರ ತಗೊಳ್ಳಿ. ಆಪ್ಪದ ಹಿಟ್ಟಿಗೆ ಹಳೇ ಕ್ರಮದಲ್ಲಿ ಕಳ್ಳು ಹಾಕ್ತಿದ್ರು, ಈಗ ಹೆಚ್ಚಿನವರು ಈಸ್ಟ್ ಹಾಕ್ತಾರೆ, ಆದ್ರೂ ಹಳ್ಳಿ ಕಡೆ ಕೇಳಿ ತಿನ್ನಿ. ಜಿಂಜರ್ ಬಿಯರ್ ಅಂತ ಬಾಟ್ಲಿ ನೋಡಿ ಹೆದರ್ಬೇಡಿ, ಎಲಿಫೆಂಟ್ ಹೌಸ್‌ನವರದ್ದು ಬರೀ ಶುಂಠಿ ಸೋಡಾ. ಎಮ್ಮೆ ಮೊಸರಿಗೆ ಕಿತುಲ್ ಅಂದ್ರೆ ಬೈನೆ ಮರದ ಜೋನಿಬೆಲ್ಲ ಹಾಕಿ ಮಡಕೇಲಿ ಕೊಡ್ತಾರೆ, ಅದನ್ನ ಧೈರ್ಯವಾಗಿ ತಿನ್ನಿ. ಆಯುರ್ವೇದ ಸೆಂಟರಲ್ಲಿ ಕುಡಿಯೋಕೆ ಅರಿಷ್ಟ ಕೊಟ್ರೆ ಅದರಲ್ಲಿ ತಾನಾಗೇ ಹುಟ್ಟಿದ ಆಲ್ಕೋಹಾಲ್ ಇರತ್ತೆ, ಬೇಡ ಅನ್ನಿ. ಎಣ್ಣೆ ಮಸಾಜಿಗೆ ಹೆಂಗಸರಿಗೆ ಹೆಂಗಸರೇ ಬೇಕು ಅಂತ ಬುಕ್ಕಿಂಗ್ ಮಾಡುವಾಗ್ಲೇ ಹೇಳಿ.

ಕೊಲಂಬೊದ ಗಾಲೆ ಫೇಸ್ ಮೈದಾನದಲ್ಲಿ ಸಂಜೆ ಇಸ್ಸೊ ವಡೆ ಸಿಗತ್ತೆ, ಮೇಲೆ ಇಡೀ ಸಿಗಡಿ ಕೂರಿಸಿ ಕರಿದಿರ್ತಾರೆ. ಶಾಫಿಗಳಿಗೆ ಸಮುದ್ರದ್ದೆಲ್ಲಾ ಆಗತ್ತೆ, ಹನಫಿಗಳು ಏಡಿ, ಬೊಂಡಾಸು ಬಿಡ್ತಾರೆ, ಸಿಗಡಿ ವಿಷಯದಲ್ಲಿ ಅವರವರ ಉಲಮಾ ಹೇಳಿದ ಹಾಗೆ.

ಯಾರಾದ್ರೂ ಮನೆಗೋ ಮದುವೆಗೋ ಕರೆದ್ರೆ ದಯವಿಟ್ಟು ಹೋಗಿ. ಸಹನ್ ಅಂತ ದೊಡ್ಡ ತಟ್ಟೆ ಇಡ್ತಾರೆ, ಐದಾರು ಜನ ಸುತ್ತ ಕೂತು ಒಂದೇ ತಟ್ಟೇಲಿ ಬಿರಿಯಾನಿ ತಿನ್ನೋದು, ನಿಮ್ಮ ಎದುರಿನ ಭಾಗದಿಂದ ತಿನ್ನಿ, ಹಿರಿಯರು ಮಾಂಸ ಹರಿದು ನಿಮ್ಮ ಕಡೆ ತಳ್ತಾರೆ, ಬೇಡ ಅನ್ಬೇಡಿ. ಕೊನೇಲಿ ವಟ್ಟಲಪ್ಪಂ, ತೆಂಗಿನಹಾಲು, ಮೊಟ್ಟೆ, ಬೆಲ್ಲ, ಏಲಕ್ಕಿ ಹಾಕಿ ಹಬೇಲಿ ಬೇಯಿಸಿದ್ದು. ಮಲಯ್ ಜನ ತಂದ ತಿಂಡಿ ಅಂತಾರೆ, ಈಗ ಅಲ್ಲಿ ಅದಿಲ್ಲದೆ ಈದ್ ಇಲ್ಲ.

ಸ್ಟೆಪ್ 6: ಬಟ್ಟೆ, ಬೌದ್ಧ ಕ್ಷೇತ್ರಗಳು, ಬೀಚು

ಹಿಜಾಬ್, ಅಬಾಯ ಅಲ್ಲಿ ದಿನನಿತ್ಯದ್ದು, ಯಾರೂ ತಿರುಗಿ ನೋಡಲ್ಲ. 2019ರ ಈಸ್ಟರ್ ಭಾನುವಾರದ ಬಾಂಬ್ ದಾಳಿ ಆದ್ಮೇಲೆ ತುರ್ತು ಪರಿಸ್ಥಿತಿ ಇದ್ದಷ್ಟು ತಿಂಗಳು ಮುಖ ಮುಚ್ಚೋದಕ್ಕೆ ನಿಷೇಧ ಇತ್ತು. ನಿಖಾಬ್ ಹಾಕೋ ನಮ್ಮ ಅಕ್ಕತಂಗಿಯರು ಏರ್‌ಪೋರ್ಟ್, ಬ್ಯಾಂಕ್, ಚೆಕ್‌ಪೋಸ್ಟ್ ಕಡೆ ಮುಖ ತೋರಿಸೋಕೆ ರೆಡಿ ಇರಿ, ಮಹಿಳಾ ಸಿಬ್ಬಂದಿ ಬೇಕು ಅಂತ ಕೇಳಿ. ಮಸೀದಿಗೆ ದೊಡ್ಡ ಬ್ಯಾಗ್ ಹೊತ್ಕೊಂಡು ಹೋಗ್ಬೇಡಿ.

ಕ್ಯಾಂಡಿಯ ದಲದಾ ಮಾಳಿಗಾವ ಅನ್ನೋ ಬುದ್ಧನ ಹಲ್ಲಿನ ದೇವಾಲಯ ನೋಡೋಕೆ ಹೋದ್ರೆ ಭುಜ ಮೊಣಕಾಲು ಮುಚ್ಚಿರ್ಬೇಕು, ಅದು ನಮಗೆ ಕಷ್ಟ ಅಲ್ಲ. ಚಪ್ಪಲಿ ಹೊರಗೆ. ಗಂಡಸರ ಟೋಪಿ ತೆಗೀರಿ ಅಂತ ಹೇಳ್ತಾರೆ, ತೆಗೀರಿ, ವಾದ ಬೇಡ. ಪೂಜೆ ಮಾಡ್ಬೇಕು, ಹೂ ಇಡ್ಬೇಕು ಅಂತ ಯಾರೂ ಒತ್ತಾಯ ಮಾಡಲ್ಲ. ಮುಖ್ಯವಾದದ್ದು, ಬುದ್ಧನ ವಿಗ್ರಹಕ್ಕೆ ಬೆನ್ನು ಹಾಕಿ ಫೋಟೋ ತೆಗೆಸ್ಕೋಬೇಡಿ, ಮಕ್ಕಳಿಗೂ ಹೇಳಿಟ್ಟಿರಿ. ಅದನ್ನ ಅವಮಾನ ಅಂತ ತಗೋತಾರೆ, ಪೊಲೀಸ್ ತನಕ ಹೋಗತ್ತೆ. 2014ರಲ್ಲಿ ತೋಳಿನ ಮೇಲೆ ಬುದ್ಧನ ಹಚ್ಚೆ ಇತ್ತು ಅಂತ ಬ್ರಿಟನ್ ಟೂರಿಸ್ಟ್ ಒಬ್ಬರನ್ನ ದೇಶದಿಂದ ವಾಪಸ್ ಕಳ್ಸಿದ್ರು. ನಮ್ಮ ಮಸೀದೀಲಿ ಬೇರೆಯವರು ಹೇಗೆ ನಡ್ಕೊಬೇಕು ಅಂತ ಬಯಸ್ತೀವೋ ಅಲ್ಲಿ ನಾವು ಹಾಗೇ ಇರ್ಬೇಕು, ನಿಮ್ಮಿಂದ ಅಲ್ಲಿನ ಮುಸ್ಲಿಮರಿಗೆ ಒಂದು ಮಾತು ಬರೋ ಹಾಗೆ ಆಗ್ಬಾರ್ದು.

ಬೀಚಲ್ಲಿ ಸ್ಥಳೀಯ ಹೆಂಗಸರು ಪೂರ್ತಿ ಬಟ್ಟೇಲೇ ನೀರಿಗೆ ಇಳೀತಾರೆ, ಬುರ್ಕಿನಿ ಹಾಕಿದ್ರೂ ವಿಚಿತ್ರ ಅನ್ಸಲ್ಲ. ಹೋಟೆಲ್ ಪೂಲಲ್ಲಿ ಬುರ್ಕಿನಿ ನಡೆಯತ್ತಾ ಅಂತ ಬುಕ್ ಮಾಡೋ ಮುಂಚೆ ಮೆಸೇಜ್ ಹಾಕಿ ಕೇಳಿ. ಫ್ಯಾಮಿಲಿ ದೊಡ್ಡದಿದ್ರೆ ಸ್ವಂತ ಪೂಲ್ ಇರೋ ವಿಲ್ಲಾ ತಗೊಂಡು ಹಂಚ್ಕೊಂಡ್ರೆ ತಲಾ ಖರ್ಚು ಕಮ್ಮೀನೇ.

ಶ್ರೀಪಾದ ಬೆಟ್ಟ ಹತ್ತೋರಿಗೆ

2,243 ಮೀಟರ್ ಎತ್ತರದ ಈ ಬೆಟ್ಟದ ತುದಿಯ ಪಾದದ ಗುರುತು ಬೌದ್ಧರಿಗೆ ಬುದ್ಧನದ್ದು, ಹಿಂದೂಗಳಿಗೆ ಶಿವನದ್ದು, ಮುಸ್ಲಿಮರಲ್ಲಿ ಆದಂ ಅಲೈಹಿಸ್ಸಲಾಂ ಇಳಿದ ಜಾಗ ಅನ್ನೋ ಹಳೇ ನಂಬಿಕೆ. ಹೊನ್ನಾವರ, ಮಂಗಳೂರು ಎಲ್ಲಾ ನೋಡ್ಕೊಂಡು ಹೋದ ಇಬ್ನ್ ಬತೂತಾ 1344ರಲ್ಲಿ ಇದನ್ನ ಹತ್ತಿ, ಹತ್ತೋರು ಹಿಡ್ಕೊಳ್ಳೋಕೆ ಹಾಕಿದ್ದ ಕಬ್ಬಿಣದ ಸರಪಳಿಗಳ ಬಗ್ಗೆ ಬರೆದಿದ್ದಾನೆ. ಇದು ಶರೀಅತ್ ಹೇಳಿದ ಝಿಯಾರತ್ ಅಲ್ಲ, ಆ ನಿಯ್ಯತ್ತಲ್ಲಿ ಹೋಗ್ಬೇಡಿ, ಆದ್ರೆ ಅಲ್ಲಾಹನ ಸೃಷ್ಟಿ ನೋಡೋಕೆ ಖಂಡಿತ ಹೋಗಿ.

ಸೀಸನ್ ಡಿಸೆಂಬರ್ ಹುಣ್ಣಿಮೆಯಿಂದ ಮೇ ಹುಣ್ಣಿಮೆ ತನಕ, ಆಗ ದಾರಿ ತುಂಬಾ ಲೈಟು, ಟೀ ಅಂಗಡಿ. ಹ್ಯಾಟನ್ ಸ್ಟೇಷನಲ್ಲಿ ಇಳಿದು ನಲ್ಲತಣ್ಣಿಯಕ್ಕೆ ಹೋಗಿ, ಅಲ್ಲಿಂದ 5,000ಕ್ಕೂ ಜಾಸ್ತಿ ಮೆಟ್ಟಿಲು, ಮೂರ್ನಾಲ್ಕು ಗಂಟೆ. ಇಶಾ ಮಾಡಿ ಮಲಗಿ ರಾತ್ರಿ ಒಂದೂವರೆ ಎರಡಕ್ಕೆ ವುಝೂ ಮಾಡ್ಕೊಂಡು ಹೊರಟ್ರೆ ಸುಬಹಿಗೆ ಮೇಲಿನ ಹತ್ರ ಇರ್ತೀರಿ. ತುದೀಲಿ ಬೌದ್ಧ ಗುಡಿ, ಜಾಗ ಇಕ್ಕಟ್ಟು, ಕಾಲಿಡೋಕಾಗದಷ್ಟು ಜನ, ಅಲ್ಲಿ ಮುಸಲ್ಲಾ ಹಾಸೋಕೆ ಹೋಗ್ಬೇಡಿ. ಸ್ವಲ್ಪ ಕೆಳಗೇ ಟೀ ಅಂಗಡಿ ಪಕ್ಕದ ಸಮತಟ್ಟು ಜಾಗ ನೋಡಿ, ಅಂಗಡಿಯವರನ್ನ ಕೇಳಿ ಸುಬಹಿ ಮುಗಿಸ್ಕೊಂಡು ಆಮೇಲೆ ಸೂರ್ಯೋದಯಕ್ಕೆ ಮೇಲೆ ಹೋಗಿ. ಗಾಳಿ ಸಿಕ್ಕಾಪಟ್ಟೆ, ಜಾಕೆಟ್ ಮತ್ತು ವುಝೂ ನೀರಿನ ಬಾಟ್ಲಿ ಇರ್ಲಿ.

ಸಲಾಂ ಹೇಳಿ ಹತ್ರ ಬರೋರು, ರಮಜಾನ್, ಮತ್ತೆ ಕೆಲವು

ಕೊಲಂಬೊ, ಕ್ಯಾಂಡಿ ಬೀದೀಲಿ ಟೋಪಿ ಗಡ್ಡ ನೋಡಿ ಅಸ್ಸಲಾಮು ಅಲೈಕುಂ ಬ್ರದರ್ ಅಂತ ಬಂದು, ಇವತ್ತೇ ಸ್ಪೆಷಲ್ ಸೇಲ್, ನಮ್ಮವರದ್ದೇ ಅಂಗಡಿ ಅಂತ ರತ್ನದಂಗಡಿಗೆ ಕರ್ಕೊಂಡು ಹೋಗೋರು ಇದ್ದಾರೆ. ಸಲಾಮಿಗೆ ಜವಾಬು ಕೊಡೋದು ವಾಜಿಬ್, ಅವರ ಹಿಂದೆ ಹೋಗೋದು ಅಲ್ಲ. ನೀಲ ನೋಡೋ ಆಸೆ ಇದ್ರೆ ಬೆರುವಲದ ಚೈನಾ ಫೋರ್ಟ್ ಮಾರ್ಕೆಟ್ಟಿಗೆ ಹೋಗಿ, ಕೈಯಲ್ಲೇ ಹರಳು ಹಿಡ್ಕೊಂಡು ವ್ಯಾಪಾರ ಮಾಡ್ತಾರೆ, ನೋಡೋಕೇ ಚೆಂದ. ದುಡ್ಡು ಕೊಡೋದಾದ್ರೆ ಮಾತ್ರ ನ್ಯಾಷನಲ್ ಜೆಮ್ ಅಂಡ್ ಜುವೆಲರಿ ಅಥಾರಿಟಿಯಲ್ಲಿ ಟೆಸ್ಟ್ ಮಾಡಿಸಿ ಆಮೇಲೆ ಕೊಡಿ.

ರಮಜಾನಲ್ಲಿ ಹೋದ್ರೆ ಉಪವಾಸ ಹದಿಮೂರು ಗಂಟೆ ಚಿಲ್ಲರೆ, ಬಿಸಿಲು ತೇವ ಜಾಸ್ತಿ ಇರೋದ್ರಿಂದ ಸಿಗಿರಿಯಾದಂಥ ಹತ್ತೋ ಕೆಲಸ ಬೆಳಗ್ಗೆ ಗೇಟ್ ತೆರೆದ ತಕ್ಷಣ ಮುಗಿಸ್ಬಿಡಿ. ಅಸರ್ ಆದ್ಮೇಲೆ ಮಸೀದಿಗಳಲ್ಲಿ ದೊಡ್ಡ ಹಂಡೆಯಿಂದ ನೋಂಬು ಕಂಜಿ ಹಂಚ್ತಾರೆ, ಅಕ್ಕಿ, ತೆಂಗಿನಹಾಲು, ಶುಂಠಿ ಬೆಳ್ಳುಳ್ಳಿ ಹಾಕಿದ ಗಂಜಿ, ಮಕ್ಕಳೆಲ್ಲಾ ತೂಕುಪಾತ್ರೆ ಹಿಡ್ಕೊಂಡು ಸಾಲಲ್ಲಿ ನಿಂತಿರ್ತಾರೆ. ನೀವೂ ಪಾತ್ರೆ ತಗೊಂಡು ನಿಲ್ಲಿ, ಸಂಕೋಚ ಬೇಡ, ಪ್ರಯಾಣಿಕ ಅಂದ್ರೆ ಇನ್ನೊಂದು ಸೌಟು ಜಾಸ್ತೀನೇ ಹಾಕ್ತಾರೆ. ಚಂದ್ರ ಕಂಡ ಘೋಷಣೆ ಕೊಲಂಬೊ ಗ್ರ್ಯಾಂಡ್ ಮಾಸ್ಕಿಂದ ಬರತ್ತೆ. ಅವರ ಈದ್ ನಮ್ಮೂರಿನ ಈದಿಗಿಂತ ಒಂದು ದಿನ ಹಿಂದೆ ಮುಂದೆ ಆಗ್ಬಹುದು, ರಿಟರ್ನ್ ಟಿಕೆಟ್ ಮಾಡುವಾಗ ಅದಕ್ಕೆ ಜಾಗ ಬಿಟ್ಟಿರಿ.

ಬ್ಯಾಗಿಗೆ ಹಾಕ್ಬೇಕಾಗಿದ್ದು: ತೆಳ್ಳನೆ ಮುಸಲ್ಲಾ, ಒಂದು ಲುಂಗಿ, ಟ್ರೈನಿಗೂ ಕಾಡಿಗೂ ಆಗೋ ಹಾಗೆ ಒಂದು ಖಾಲಿ ಬಾಟ್ಲಿ, ಮೂರು ಚೌಕ ಪಿನ್ನಿನ ಪ್ಲಗ್ ಅಡಾಪ್ಟರ್, ಸೊಳ್ಳೆ ಕ್ರೀಮು. ಹೋಟೆಲ್ ಟಾಯ್ಲೆಟ್‌ಗಳಲ್ಲಿ ನಮ್ಮಲ್ಲಿನ ಹಾಗೇ ಜೆಟ್ ಸ್ಪ್ರೇ ಇರತ್ತೆ, ಅದರ ಯೋಚ್ನೆ ಬೇಡ. ಫೋನಲ್ಲಿ ಎರಡು ನಂಬರ್ ಸೇವ್ ಮಾಡಿ, ಪೊಲೀಸ್ 119, ಆಂಬುಲೆನ್ಸ್ 1990. ಆಂಬುಲೆನ್ಸ್ ಫ್ರೀ, ನಮ್ಮ ದೇಶದ ನೆರವಿಂದಲೇ 2016ರಲ್ಲಿ ಶುರುವಾದ ಸೇವೆ ಅದು, ವಿದೇಶದವರು ಅಂತ ಹಿಂದೆ ಮುಂದೆ ನೋಡದೆ ಫೋನ್ ಮಾಡಿ.